ಶನಿವಾರ ಬರುವ ಮಮ್ಮಿ

ಗಡಿಯಾರ ಟಿಕ್ ಟಿಕ್ ಅನ್ನುತ್ತದೆ ಎಂಬುದು ಕಾವೇರಿಗೆ ಈ ವರ್ಷದ ಜೂನ್ ತಿಂಗಳಲ್ಲಿ ಗೊತ್ತಾಯಿತು. ಮದುವೆಯಲ್ಲಿ ಯಾರೋ ಮುಯ್ಯಿ ಮಾಡಿದ ಗಡಿಯಾರ. ಎಂಟು ವರ್ಷದಿಂದ ಅದೇ ಗೋಡೆಯ ಮೇಲೆ, ಅದೇ ಮೊಳೆಗೆ ತೂಗುತ್ತಿತ್ತು. ಅದಕ್ಕೂ ಒಂದು ಸಪ್ಪಳವಿದೆ ಎಂದು ತಿಳಿಯಬೇಕಾದರೆ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಪ್ಪಳ ಇರಬಾರದಲ್ಲ. ಇತ್ತು. ಅದರ ಹೆಸರು ಸಮ್ಯಕ.

ಸಮ್ಯಕ ಅವಳ ಮಗ, ಆರೂವರೆ ವರ್ಷದವನು. ಗಂಡ ಪ್ರೇಮಕುಮಾರ ಬುದ್ಧವಿಹಾರಕ್ಕೆ ಹೋಗಿ ಅಲ್ಲಿನ ಭಿಕ್ಷು ಭಂತೇಜಿಯವರನ್ನು ಕೇಳಿ, ಎಂಟು ದಿನ ಯೋಚನೆ ಮಾಡಿ ಇಟ್ಟ ಹೆಸರು. ಸಮ್ಯಕ್ ಅಂದರೆ ಸರಿಯಾದದ್ದು. ಸರಿಯಾದದ್ದು ಮನೆಗೆ ಬಂದದ್ದೇ ತಡ, ಅಲ್ಲಿಯವರೆಗೆ ಸರಿಯಾಗಿದ್ದದ್ದೆಲ್ಲ ಒಂದೊಂದಾಗಿ ಸರಿದುಹೋಯಿತು. ಮೊದಲು ನಿದ್ದೆ. ಆಮೇಲೆ ಟಿವಿಯ ರಿಮೋಟು. ಆಮೇಲೆ ಮಂಚದ ಒಂದು ಕಾಲು. ಕೊನೆಗೆ ಬಾಡಿಗೆಯ ಮನೆ.

ಕಾವೇರಿ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಆರಕ್ಕೇ ಹೋಗಬೇಕು, ಖಾಲಿ ಹೊಟ್ಟೆಯ ಶುಗರಿನವರು ಕಾದು ಕೂತಿರುತ್ತಾರೆ. "ನಾ ದಿನಾ ಐವತ್ತು ಮಂದೀದು ರಕ್ತ ತೆಗೀತೀನಿ, ಮನೀಗಿ ಹೋದ್ರ ನಂದು ತೆಗೀಲಾಕ ಒಬ್ಬಾಂವ ಕುಂತಿರ್ತಾನ" ಎಂದು ಅವಳು ಲ್ಯಾಬಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಪ್ರೇಮಕುಮಾರ ಸರ್ಕಾರಿ ಬಸ್ಸಿನ ಕಂಡಕ್ಟರ್. ಪುಣೆ ಗಾಡಿಗೆ ಹೋದರೆ ಎರಡು ದಿನ ಮನೆ ಕಡೆ ಸುಳಿವಿಲ್ಲ. ಅವನು ಮನೆಯಲ್ಲಿ ಬಿಟ್ಟುಹೋಗುತ್ತಿದ್ದ ಹಳೆಯ ಸೀಟಿಯೊಂದು ಸಮ್ಯಕನ ಕೈಗೆ ಸಿಕ್ಕದ್ದೇ ಎಲ್ಲದರ ಮೂಲ.

ಆಗ ಅವರಿದ್ದದ್ದು ಸ್ಟೇಶನ್ ಬಜಾರಿನಲ್ಲಿ, ಮಾಳಿಗೆಯ ಮೇಲಿನ ಒಂದೂವರೆ ಕೋಣೆಯಲ್ಲಿ. ಕೆಳಗೆ ಮನೆಯ ಮಾಲಕಿ ಲಲಿತಾಬಾಯಿ ಮತ್ತು ಆಕೆಯ ಗಂಡ ಜಗದೇವಪ್ಪ. ಜಗದೇವಪ್ಪ ಮೂವತ್ತು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದು ನಿವೃತ್ತಿಯಾದ ಮನುಷ್ಯ. ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೋಗು ಎಂಬುದು ಅವನ ಮೈಯಲ್ಲಿ ಹೊಕ್ಕುಬಿಟ್ಟಿತ್ತು. ಇದನ್ನು ಕಂಡುಹಿಡಿದವನು ಸಮ್ಯಕ. ಜಗದೇವಪ್ಪ ಹಾಲಿನ ಪಾಕೀಟು ಹಿಡಿದು ಬರುತ್ತಿದ್ದಾಗ ಮೇಲಿಂದ ಪೀ ಎಂದರೆ ಸಾಕು, ಮನುಷ್ಯ ಎಲ್ಲಿದ್ದನೋ ಅಲ್ಲೇ ನಿಲ್ಲುತ್ತಿದ್ದ. ಪೀ ಪೀ ಎಂದಾಗಲೇ ಮತ್ತೆ ಹೆಜ್ಜೆ. ಒಂದು ದಿನ ಹುಡುಗ ಒಂದು ಸೀಟಿ ಊದಿ, ಎರಡನೆಯದನ್ನು ಮರೆತು ಆಡಲು ಓಡಿಹೋದ. ಜಗದೇವಪ್ಪ ಅಂಗಳದಲ್ಲಿ ಬಹಳ ಹೊತ್ತು ನಿಂತೇ ಇದ್ದನಂತೆ. ಕೈಯಲ್ಲಿ ಹಾಲು ಒಡೆಯುವ ಹಂತಕ್ಕೆ ಬಂದಿತ್ತಂತೆ. ಹೀಗೆಂದು ಲಲಿತಾಬಾಯಿಯೇ ಹೇಳಿದಳು.

"ನನ್ನ ಗಂಡನ್ನ ಒಂದು ಜಾಗಾದಾಗ ನಿಲ್ಲಿಸ್ಲಾಕ ನಾ ಇಷ್ಟು ವರ್ಷ ಬಾಯಿ ಮಾಡೀನವಾ, ನಿಂತಿಲ್ಲ. ನಿನ್ನ ಮಗಾ ಒಂದು ಪೀಪಿ ಊದಿ ನಿಲ್ಲಿಸ್ತಾನ! ಹೋಗ್ಲಿ ಬಿಡು. ಮ್ಯಾಲ ಏನು ಜಿಗದಾಡ್ತಾನ ಅಂತನೂ ನಾ ಕೇಳಂಗಿಲ್ಲ. ನಾ ಕೇಳದಿದ್ರೂ ನಂಗ ಕೇಳಸ್ತದ. ನಿನ್ನೆ ನಮ್ಮ ಫ್ಯಾನ್ ಗಡಗಡ ಅಳ್ಳಾಡ್ತು. ಕರೆಂಟೇ ಇದ್ದಿದ್ದಿಲ್ಲ!"

ಮಗ ಹಾರಿದ, ಮಾಲಕಿ ಹಾರಾಡಿದಳು. ನಡುವೆ ಕಾವೇರಿ ಕೈ ಮುಗಿಯುತ್ತ ನಿಂತಳು.

ಆಮೇಲೆ ಲಾಡ್ಜಿನ ಪ್ರಕರಣವಾಯಿತು. ಅವಳು ಡ್ಯೂಟಿಯಿಂದ ಬರುವಷ್ಟರಲ್ಲಿ ಹುಡುಗ ಮನೆಯಲ್ಲಿಲ್ಲ. ಸ್ಟೇಶನ್ ಬಜಾರಿನ ಆಟೋದವರೆಲ್ಲ ಹುಡುಕಲು ಹೊರಟರು. ಕೊನೆಗೆ ಸಿಕ್ಕದ್ದು ಸ್ಟೇಶನ್ ಎದುರಿನ ಒಂದು ಲಾಡ್ಜಿನಲ್ಲಿ, ಮ್ಯಾನೇಜರನ ಕುರ್ಚಿಯ ಮೇಲೆ. ಮ್ಯಾನೇಜರ್ ಚಾ ಕುಡಿಯಲು ಹೋಗಿದ್ದಾಗ ಈತ ಅವನ ದನಿಯಲ್ಲೇ, ಮೂಗಿನಿಂದ, "ಎಷ್ಟು ಮಂದಿ ಅದೀರಿ? ಆಧಾರ್ ತೋರಿಸ್ರಿ" ಎಂದು ಸೊಲ್ಲಾಪುರದ ಒಂದು ಸಂಸಾರವನ್ನು ವಿಚಾರಿಸಿ, ಕೀಲಿಕೈ ಕೊಟ್ಟು, ಮೇಲೆ ಕಳಿಸಿಯೂ ಆಗಿತ್ತು. ಆ ಕೋಣೆಯಲ್ಲಿ ಆಗಲೇ ಯಾರೋ ಮಲಗಿದ್ದರು.

ಅಂದು ಕಾವೇರಿ ಮಗನನ್ನು ಹೊಡೆದಳು. ಹೊಡೆದು ಅತ್ತಳು. ಅತ್ತು, ಕಮಲಾಪುರದಲ್ಲಿದ್ದ ತನ್ನ ತಾಯಿ ಪುತಳಾಬಾಯಿಗೆ ಫೋನ್ ಹಚ್ಚಿದಳು. "ಯವ್ವಾ, ಬ್ಯಾರೆ ಮನಿ ಸಿಗೂತನಕ ಇವನ್ನ ಇಟ್ಕೋ. ಎರಡೇ ತಿಂಗಳು." ಮಗನಿಗೂ ಅದನ್ನೇ ಹೇಳಿದಳು: ಎರಡೇ ತಿಂಗಳು.

ಈಗ ಆರು ತಿಂಗಳಾಗಿತ್ತು. ಬೇರೆ ಮನೆ ಸಿಕ್ಕಿರಲಿಲ್ಲ, ಪ್ರತಿ ಶನಿವಾರ ಅವಳು ಕಮಲಾಪುರಕ್ಕೆ ಹೋಗಿ ಭಾನುವಾರ ನಾಲ್ಕರ ಬಸ್ಸಿಗೆ ಮರಳುತ್ತಿದ್ದಳು.

ಐದು ನಿಮಿಷ ಸುಮ್ಮನೆ ಕೂಡುವುದು ಸಿಕ್ಕರೆ ಸಾಕು ಎಂದು ಆರು ವರ್ಷ ಹಂಬಲಿಸಿದವಳಿಗೆ ಸುಮ್ಮನೆ ಕೂಡುವುದು ತಾಸುಗಟ್ಟಲೆ ಸಿಕ್ಕಿತು. ಅವಳಿಗೆ ಅದನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಇಟ್ಟ ವಸ್ತು ಇಟ್ಟಲ್ಲೇ ಇರುತ್ತಿತ್ತು. ಬಾಚಣಿಗೆ ಬಾಚಣಿಗೆಯ ಜಾಗದಲ್ಲಿ, ಸಕ್ಕರೆ ಸಕ್ಕರೆಯ ಡಬ್ಬಿಯಲ್ಲಿ. ಮೊದಲೆಲ್ಲ ಅವಳು ಬಾಚಣಿಗೆ ಹುಡುಕುತ್ತ ಮೂರು ಸಲ ಮನೆ ಸುತ್ತಿ, ಕೊನೆಗೆ ಅಕ್ಕಿಯ ಡಬ್ಬಿಯೊಳಗೆ ಕಂಡು ಕಿರುಚುತ್ತಿದ್ದಳು. ಈಗ ಕೈಚಾಚಿದರೆ ಸಿಗುತ್ತದೆ. ಸಿಕ್ಕಿದ್ದನ್ನು ತುಸು ಹೊತ್ತು ಕೈಯಲ್ಲಿ ಹಿಡಿದು, ತಲೆ ಬಾಚದೆ ಮತ್ತೆ ಅಲ್ಲೇ ಇಡುತ್ತಾಳೆ. ಲ್ಯಾಬಿಗೆ ಚಿಕ್ಕ ಮಕ್ಕಳು ಬಂದರೆ ಸೂಜಿ ಚುಚ್ಚುವ ಮೊದಲು ಅವಳು ಸಮ್ಯಕನ ಕತೆ ಶುರು ಮಾಡುತ್ತಿದ್ದಳು. ಜಗದೇವಪ್ಪ ಅಂಗಳದಲ್ಲಿ ನಿಂತದ್ದು ಮುಗಿಯುವಷ್ಟರಲ್ಲಿ ರಕ್ತ ಬಂದಿರುತ್ತಿತ್ತು. ಮಕ್ಕಳು ನಗುತ್ತ ಹೋಗುತ್ತಿದ್ದವು. ಅವಳು ಸೂಜಿಯನ್ನು ಡಬ್ಬಿಗೆ ಹಾಕಿ, ಕತೆಯ ಉಳಿದ ಅರ್ಧವನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಇದನ್ನು ಗಮನಿಸಿದವಳು ತಬಸ್ಸುಮ್. ಅದೇ ಆಸ್ಪತ್ರೆಯ ನರ್ಸು. ಡಿಸೆಂಬರ್ ಮೊದಲ ವಾರದಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಎದುರು ಕೂತು ಹೇಳಿದಳು:

"ಇಲ್ಲೇ ಮೋಮಿನಪುರದಾಗ ನಮ್ಮ ಖಾಲಾಂದು, ಅಂದ್ರ ಚಿಗವ್ವಂದು, ಒಂದು ಮನಿ ಖಾಲಿ ಅದ. ನೆಲದ ಮ್ಯಾಲಿನ ಮನಿ. ಕೆಳಗ ಯಾರೂ ಇಲ್ಲ, ಬರೇ ಭೂಮಿ ಅದ."

"ಖಾಲಾ ಬೈದ್ರ?"

"ಅಂಬರೀನ್ ಖಾಲಾ ಐದು ಗಂಡಮಕ್ಕಳನ್ನ ಹಡದಾಳವಾ. ಐದೂ ಮಂದಿ ಒಬ್ಬೊಬ್ಬ ಒಂದೊಂದು ಊರಿಗಿ ಹೋಗ್ಯಾರ. ಈಗ ಸಪ್ಪಳಿಲ್ಲಂದ್ರ ಆಕಿಗಿ ಅನ್ನ ಸೇರಂಗಿಲ್ಲ."

ಒಂದೇ ವಾರದಲ್ಲಿ ಸಾಮಾನು ಸಾಗಿತು. ಲಲಿತಾಬಾಯಿ ಬೀಳ್ಕೊಡುವಾಗ ಕಣ್ಣೊರೆಸಿಕೊಂಡಳು. "ಹುಡುಗ ಹೋದಾಗಿಂದ ಇವರು ಎಲ್ಲೂ ನಿಲ್ಲವಲ್ಲರು" ಎಂದು ಗಂಡನ ಕಡೆ ಕೈ ತೋರಿಸಿದಳು.

ಹೊಸ ಮನೆಯನ್ನು ಕಾವೇರಿ ಬಿರುಗಾಳಿಗೆ ಸಜ್ಜು ಮಾಡಿದಂತೆ ಸಜ್ಜು ಮಾಡಿದಳು. ಗಾಜಿನದೆಲ್ಲ ಮೇಲಿನ ಹಲಗೆಗೆ. ಕನ್ನಡಿ ಕಪಾಟಿನ ಒಳಗೆ. ಮಂಚಕ್ಕೆ ಪ್ರೇಮಕುಮಾರ ಕಬ್ಬಿಣದ ಪಟ್ಟಿ ಹೊಡೆಸಿದ. ಗೋಡೆಯ ಕೆಳಭಾಗಕ್ಕೆ ಪೆನ್ಸಿಲ್ ಗೀಚಿದರೆ ತೊಳೆದು ಹೋಗುವಂಥ ಬಣ್ಣ. ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಮಗನನ್ನು ಕರೆತರುವುದು, ಸೋಮವಾರ ರಜೆ ಹಾಕಿ ಶಾಲೆಯ ಟಿ.ಸಿ. ಮಾಡಿಸುವುದು ಎಂದು ಠರಾಯಿಸಿದಳು. ಬಸ್ಸಿನಲ್ಲಿ ಕೂತಾಗ ಅವಳಿಗೆ ಮದುವೆಗೆ ಹೊರಟಷ್ಟು ಗಡಿಬಿಡಿ. ಸೀಟಿನ ತುದಿಯಲ್ಲಿ ಕೂತರೆ ಬಸ್ಸು ಬೇಗ ಹೋಗುತ್ತದೆಯೋ ಎಂಬಂತೆ ತುದಿಯಲ್ಲೇ ಕೂತಿದ್ದಳು.

ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಪುತಳಾಬಾಯಿ ಕೆಂಪು ಬಾಳೆಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಮಗಳನ್ನು ಕಂಡು ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು. ಮೊದಲ ತಿಂಗಳುಗಳಲ್ಲಿ ಸಮ್ಯಕ ಇಲ್ಲಿಯೇ, ಬಸ್ಸು ನಿಲ್ಲುವ ಮೊದಲೇ, ಬಾಗಿಲಿಗೆ ಜೋತುಬೀಳುತ್ತಿದ್ದ. ಅವಳು ಇಳಿಯುವ ಬದಲು ಅವನೇ ಹತ್ತಿ ಅವಳ ಮೇಲೇರುತ್ತಿದ್ದ. ದಸರೆಯ ಹೊತ್ತಿಗೆ ಓಣಿಯ ತಿರುವಿನಲ್ಲಿ ಕಾಯತೊಡಗಿದ. ದೀಪಾವಳಿಯ ಹೊತ್ತಿಗೆ ಮನೆಯ ಕಟ್ಟೆಯ ಮೇಲೆ.

ಇಂದು ಕಟ್ಟೆಯೂ ಖಾಲಿಯಿತ್ತು. ಅವಳು ಬಾಗಿಲಿಗೆ ಹೋಗಿ ನಿಂತಾಗ ಒಳಗಿನಿಂದ ಹುಡುಗ ಬಂದ. ತಲೆ ಬಾಚಿತ್ತು. ಅಂಗಿಯ ಗುಂಡಿಗಳೆಲ್ಲ ಇದ್ದವು, ಅದೂ ಸರಿಯಾದ ತೂತುಗಳಲ್ಲಿ. ಎರಡೂ ಕೈಯಲ್ಲಿ ಹಿತ್ತಾಳೆಯ ತಂಬಿಗೆ. ಹನಿ ಚೆಲ್ಲದಂತೆ ನಡೆದು ಬಂದು ಅವಳ ಮುಂದೆ ಹಿಡಿದ.

"ಬರ್ರಿ ಮಮ್ಮಿ. ಕಾಲಿಗಿ ನೀರು ತಗೋರಿ."

ಕಾವೇರಿ ತಂಬಿಗೆಯನ್ನು ನೋಡಿದಳು. ಆ ಮನೆಯಲ್ಲಿ ಹುಟ್ಟಿದಾಗಿನಿಂದ ಅವಳು ಆ ತಂಬಿಗೆಯಲ್ಲಿ ಎಷ್ಟು ಮಂದಿಗೆ ನೀರು ಕೊಟ್ಟಿದ್ದಳೋ. ದೂರದ ಬೀಗರಿಗೆ, ಸಂಬಂಧ ಹೇಳಲು ಬಂದವರಿಗೆ, ಒಮ್ಮೆ ಎಲೆಕ್ಷನ್ ಡ್ಯೂಟಿಗೆ ಬಂದಿದ್ದ ಮಾಸ್ತರರಿಗೆ. ಮನೆಯವರಿಗೆ ಯಾರೂ ಕೊಡುವುದಿಲ್ಲ. ಮನೆಯವರು ಬಚ್ಚಲಿಗೆ ಹೋಗಿ ತಾವೇ ತೊಳೆದುಕೊಳ್ಳುತ್ತಾರೆ. ಅಥವಾ ತೊಳೆಯದೆ ಒಳಗೆ ನುಗ್ಗಿ ಬೈಸಿಕೊಳ್ಳುತ್ತಾರೆ.

"ನೋಡಿದೇನು?" ಪುತಳಾಬಾಯಿ ಹಿಂದಿನಿಂದ ಹಿಗ್ಗಿನಿಂದ ಹೇಳಿದಳು. "ಹ್ಯಾಂಗ ಆಗ್ಯಾನ ನೋಡು ನಿನ್ನ ಮಗಾ! ಯಾರೇ ಬರ್ಲಿ, ಮೊದಲ ಕಾಲಿಗಿ ನೀರು ಕೊಟ್ಟು ಆಮ್ಯಾಲ ಮಾತಾಡ್ಸಬೇಕು ಅಂತ ಕಲಿಸೀನಿ."

"ಯವ್ವಾ, ನಾ ಆ 'ಯಾರೇ ಬರ್ಲಿ' ಅನ್ನೋರಾಗ ಬರ್ತೀನೇನು?"

ಪುತಳಾಬಾಯಿಗೆ ತಿಳಿಯಲಿಲ್ಲ. "ತಗೋ, ತಗೋ, ಕೂಸಿನ ಕೈ ನೋಯ್ತಾವ" ಎಂದಳು. ಕಾವೇರಿ ನೀರು ತೆಗೆದುಕೊಂಡು ಕಾಲ ಮೇಲೆ ಸುರಿದುಕೊಂಡಳು. ಡಿಸೆಂಬರಿನ ನೀರು ಚುಮುಚುಮು ಎಂದಿತು. "ಆರಾಮ ಅದೀರೇನ್ರಿ?" ಎಂದು ಹುಡುಗ ಕೇಳಿದ. ಆರಾಮ ಇದ್ದೇನೆ ಎಂದಳು.

ಪುತಳಾಬಾಯಿ ಚಾ ಮಾಡಿಕೊಟ್ಟು, ಬುಟ್ಟಿ ನೋಡಿ ಬರುತ್ತೇನೆಂದು ಸ್ಟ್ಯಾಂಡಿಗೆ ಹೋದಳು. ಹುಡುಗ ಹಿತ್ತಲಿಗೆ ಹೋದ. ಕಾವೇರಿ ಮನೆಯ ಸುದ್ದಿಯನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತ ಕೂತಿದ್ದಾಗ ಹಿತ್ತಲ ಕಡೆಯಿಂದ ಒಂದು ದನಿ ಕೇಳಿಸಿತು. ಪರಿಚಯದ ದನಿ. ತುಸು ಓಡಿಬಂದವರಂತೆ ಏದುಸಿರು, ಮಾತಿನ ಕೊನೆಯಲ್ಲಿ ಎಳೆತ. ಯಾರಪ್ಪ ಇದು ಎಂದು ಕಿಟಕಿಯಿಂದ ಬಗ್ಗಿ ನೋಡಿದಳು.

ಪಕ್ಕದ ಮನೆಯ ಐದು ವರ್ಷದ ಅಂಜನಾ ಕಲ್ಲಿನ ಮೇಲೆ ಕೂತಿದ್ದಳು. ಸಮ್ಯಕ ತಾನು ಆಯಿ ಎನ್ನುವ ಅಜ್ಜಿಯ ಸಂತೆಚೀಲವನ್ನು ಹೆಗಲಿಗೆ ಹಾಕಿಕೊಂಡು, ಟವೆಲನ್ನು ಸೆರಗು ಮಾಡಿಕೊಂಡು ಬರುತ್ತಿದ್ದ.

"ಈಗ ನಾ ಮಮ್ಮಿ, ನೀ ಸಮ್ಯಕ," ಎಂದು ಅಂಜನಾಗೆ ತಾಕೀತು ಮಾಡಿ, ದನಿ ಬದಲಿಸಿದ. "ಬಂಗಾರಾ! ಹ್ಯಾಂಗ ಅದೀಯೋ? ಊಟ ಮಾಡಿದೇನು? ಏನ್ ಉಂಡಿ? ಸಾಲ್ಯಾಗ ಏನ್ ಕಲಿಸ್ಯಾರ? ಸೊರಗೀಯಲ್ಲೋ." ಒಂದು ಪ್ರಶ್ನೆಗೂ ಉತ್ತರಕ್ಕೆ ಕಾಯಲಿಲ್ಲ. ಅಂಜನಾಳ ತಲೆಯನ್ನು ಎರಡು ಸಲ ಸವರಿದ. ಚೀಲದಿಂದ ಬಿಸ್ಕೀಟಿನಂತೆ ಒಂದು ಹೆಂಚಿನ ಚೂರು ತೆಗೆದು ಕೊಟ್ಟ. ಆಮೇಲೆ ಅಂಗೈಯನ್ನೇ ಮೊಬೈಲಿನಂತೆ ಮುಖದ ಮುಂದೆ ಹಿಡಿದು ನೋಡಿ, ಎದೆ ಬಡಿದುಕೊಂಡ. "ಅಯ್ಯ, ನಾಕು ಆತು! ಬಸ್ಸು ಹೋಗ್ತದ! ಶ್ಯಾಣ್ಯಾ ಆಗಿರು ಹಾಂ. ಆಯಿಗಿ ತ್ರಾಸ ಕೊಡಬ್ಯಾಡ. ಟಾಟಾ!" ಬೇವಿನ ಗಿಡದವರೆಗೆ ಓಡಿ, ಅಲ್ಲಿ ತಿರುಗಿ, ಒಂದು ಸಲ ಕೈ ಬೀಸಿದ. ಎರಡನೆಯ ಸಲ ಬೀಸುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡ. ಅದನ್ನೂ ಬಿಟ್ಟಿರಲಿಲ್ಲ.

"ಇಷ್ಟೇ?" ಎಂದಳು ಅಂಜನಾ.

"ಇಷ್ಟೇ. ಈಗ ನೀ ಮಮ್ಮಿ ಆಗು."

ಕಿಟಕಿಯ ಸರಳು ಹಿಡಿದ ಕಾವೇರಿಗೆ ನಗು ಬಂದದ್ದು ನಿಜ. ಅಷ್ಟು ತದ್ರೂಪವಾಗಿತ್ತು. ಆದರೆ ಆ ನಗು ಪೂರ್ತಿಯಾಗಲಿಲ್ಲ. ಇಪ್ಪತ್ತಾರು ಶನಿವಾರಗಳನ್ನು ಹುಡುಗ ಎರಡು ನಿಮಿಷಕ್ಕೆ ಇಳಿಸಿದ್ದ, ಅದರಲ್ಲಿ ಬಿಟ್ಟುಹೋದದ್ದು ಏನೂ ಇರಲಿಲ್ಲ.

ಅವನು ಒಳಗೆ ಬಂದಾಗ ಅವಳು ನೇರವಾಗಿ ಹೇಳಿದಳು. "ಸಮ್ಯಾ, ಹೊಸಾ ಮನಿ ಮಾಡೀವಿ. ಹೋಗೋಣ ನಡಿ."

"ಇವತ್ತೇ?"

"ಇವತ್ತೇ. ಐದರ ಬಸ್ಸಿಗಿ."

ಅವನು ತಕರಾರು ಮಾಡಲಿಲ್ಲ. ಹೋಗಿ ಶಾಲೆಯ ಚೀಲ ಖಾಲಿ ಮಾಡಿ, ಒಂದು ಅಂಗಿ, ಒಂದು ಚಡ್ಡಿ, ಒಂದು ಟವೆಲು ಹಾಕಿದ. ಜಿಪ್ಪು ಎಳೆದ.

"ಎಲ್ಲಾ ಅರಬಿ ಹಾಕ್ಕೋ."

"ಸಾಕ್ರಿ. ನೀವು ಬರೋ ಮುಂದನೂ ಒಂದೇ ಜೋಡಿ ತರ್ತೀರಲ್ಲ."

ಹುಡುಗನ ಲೆಕ್ಕ ಅವಳಿಗೆ ಆಗ ತಿಳಿಯಿತು. ಇಷ್ಟು ದಿನ ಮಮ್ಮಿ ಬಂದು ಹೋದಳು, ಈಗ ತನ್ನ ಪಾಳಿ. ಶನಿವಾರ ಹೋಗುವುದು, ಭಾನುವಾರ ಬರುವುದು. ಬಿಡಿಸಿ ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ಬರಲಿಕ್ಕಿಲ್ಲ ಎಂದು ಮುಚ್ಚಿದಳು. ಮನೆ ನೋಡಿದರೆ, ಮಂಚ ನೋಡಿದರೆ, ತಾನಾಗಿಯೇ ಸರಿಹೋಗುತ್ತದೆ ಎಂದುಕೊಂಡಳು. ಸ್ಟ್ಯಾಂಡಿನಲ್ಲಿ ಪುತಳಾಬಾಯಿಗೆ ಮಾತ್ರ ಪಿಸುಗುಟ್ಟಿದಳು. ಮುದುಕಿ ಬುಟ್ಟಿಯಲ್ಲಿ ಚೆನ್ನಾಗಿ ಹಣ್ಣಾದ ನಾಲ್ಕು ಬಾಳೆಹಣ್ಣನ್ನು ಹುಡುಕಿ ಹುಡುಕಿ ತೆಗೆದಳು, ಹುಡುಗನ ಚೀಲಕ್ಕೆ ಹಾಕಿದಳು. "ನಿನ್ನ ಮಗಾ, ನೀ ಒಯ್ತೀ" ಎಂದಳು. ಅಷ್ಟು ಹೇಳಿ ಗಿರಾಕಿಯಿಲ್ಲದ ಕಡೆಗೆ ತಿರುಗಿ "ಬರ್ರಿ, ಕೆಂಪು ಬಾಳಿಹಣ್ಣು" ಎಂದು ಕೂಗಿದಳು.

ಮೋಮಿನಪುರದ ಮನೆಯಲ್ಲಿ ಅಂಬರೀನ್ ಖಾಲಾ ಬಾಗಿಲಲ್ಲೇ ಕಾಯುತ್ತಿದ್ದಳು. ಐದು ಮಕ್ಕಳನ್ನು ಬೆಳೆಸಿದ ಹೆಂಗಸಿನ ಉತ್ಸಾಹದಿಂದ "ಎಲ್ಲಿ ಆ ಶೈತಾನ?" ಎಂದು ಕೇಳಿದಳು. ಸಮ್ಯಕ ಚಪ್ಪಲಿ ಬಿಟ್ಟು, ಒಂದರ ಪಕ್ಕ ಒಂದು ಜೋಡಿಸಿ, "ನಮಸ್ಕಾರ್ರಿ" ಎಂದ. ಖಾಲಾಳ ಮುಖ ಇಳಿಯಿತು. "ಇವ ಭಾಳ ಶರೀಫ್ ಅದಾನಲ್ಲ!" ಎಂದಳು, ಮೋಸ ಹೋದವಳ ಹಾಗೆ.

ಆ ಸಂಜೆ ಹುಡುಗ ಏನೂ ಮುರಿಯಲಿಲ್ಲ. ಕುರ್ಚಿಯ ಮೇಲೆ ಕೂತ. ಕೊಟ್ಟದ್ದನ್ನು ತಿಂದ. "ಇನ್ನ ಸ್ವಲ್ಪ ಹಾಕ್ಲಿ?" ಎಂದರೆ "ಸಾಕ್ರಿ, ಭಾಳ ಆತ್ರಿ" ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಪುಣೆಯಿಂದ ಪ್ರೇಮಕುಮಾರ ಫೋನ್ ಮಾಡಿದ.

"ಬಂದಾನೇನು? ಏನರ ಮುರದಾನೇನು?"

"ಇಲ್ಲ."

"ಒಂದೂ ಇಲ್ಲ?" ಬಸ್ಸಿನ ಸಪ್ಪಳದ ಮೇಲೆ ಅವನು ದನಿ ಏರಿಸಿದ. "ಜ್ವರ ಗಿರಾ ಬಂದಾವೇನು ನೋಡು."

ಕಾವೇರಿ ಮಗನ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಮಂಚವನ್ನು ತೋರಿಸಿದಳು. "ಜಿಗಿಯೋ. ನಿನ್ನ ಸಲುವಾಗಿನೇ ಪಪ್ಪ ಗಟ್ಟಿ ಮಾಡ್ಸ್ಯಾನ."

"ಬ್ಯಾಡ್ರಿ. ಕೆಳಗಿನವರಿಗಿ ತ್ರಾಸ ಆಗ್ತದ."

"ಕೆಳಗ ಯಾರೂ ಇಲ್ಲೋ. ಭೂಮಿ ಅದ."

"ಭೂಮಿಗೂ ತ್ರಾಸ ಆಗ್ತದಂತ. ಆಯಿ ಹೇಳ್ಯಾಳ."

ಕಾವೇರಿಗೆ ಏನನ್ನಿಸಿತೋ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತಾನೇ ಮಂಚ ಹತ್ತಿದಳು. "ಹೀಂಗ ನೋಡು" ಎಂದು ಜಿಗಿದಳು. ಒಂದು, ಎರಡು, ಮೂರು. ಮೂರನೆಯದಕ್ಕೆ ಕೆಳಗಿನ ಹಲಗೆಯ ಸ್ಟೀಲ್ ಪಾತ್ರೆಗಳೆಲ್ಲ ಧಡಧಡ ಕೆಳಗೆ ಬಂದವು. ಗೋಡೆಯ ಆಚೆಯ ತನ್ನ ಮನೆಯಿಂದ ಅಂಬರೀನ್ ಖಾಲಾಳ ಸಂತೋಷದ ದನಿ ಕೇಳಿಸಿತು: "ಶಾಬಾಶ್ ಬೇಟಾ! ಈಗ ನೋಡು ಮನಿ ಅನ್ನಿಸ್ತದ!"

ಸಮ್ಯಕನ ಬಾಯಿಂದ ಒಂದು ನಗು ಚಿಮ್ಮಿತು. ಕೂಡಲೇ ಅಂಗೈಯಿಂದ ಮುಚ್ಚಿಕೊಂಡ. ಬಗ್ಗಿ ಪಾತ್ರೆಗಳನ್ನು ಒಂದೊಂದಾಗಿ ಆರಿಸಿ ತಾಯಿಯ ಕೈಗೆ ಕೊಟ್ಟ. ಮಂಚದ ಮೇಲೆ ಏದುಸಿರು ಬಿಡುತ್ತ ನಿಂತವಳಿಗೆ ಆ ಪಾತ್ರೆಗಳನ್ನು ಇನ್ನೊಮ್ಮೆ ಕೆಡವಬೇಕೆನ್ನಿಸಿತು.

ಭಾನುವಾರ ಅವಳು ಅವನಿಗೆ ಇಷ್ಟದ್ದೆಲ್ಲ ಮಾಡಿದಳು. ಶೇಂಗಾ ಹೋಳಿಗೆ ಮಾಡಿದಳು, ಓಣಿ ಸುತ್ತಿಸಿದಳು, ಹೊಸ ಶಾಲೆಯ ಗೇಟನ್ನು ತೋರಿಸಿದಳು. ಹುಡುಗ ಗೇಟನ್ನು ಗೌರವದಿಂದ ನೋಡಿದ. ಮೂರು ಗಂಟೆಗೆ ಮುಖ ತೊಳೆದು ಬಂದು, ನೀರು ಹಚ್ಚಿ ತಲೆ ಬಾಚಿಕೊಂಡು, ಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತ.

"ಬಸ್ಸು ನಾಕಕ್ಕ ಅದ ಅಲ್ರಿ?"

ಕಾವೇರಿ ಅವನ ಮುಂದೆ ಮೊಣಕಾಲೂರಿ ಕೂತಳು. "ಬಸ್ಸಿಗಿ ಹೋಗೋದು ಇಲ್ಲೋ ರಾಜಾ. ಇದು ನಿನ್ನ ಮನಿ. ಇನ್ನ ಮ್ಯಾಲ ನೀ ಇಲ್ಲೇ ಇರೋದು. ನಾಳಿ ನಿನ್ನ ಪುಸ್ತಕ, ಅರಬಿ ಎಲ್ಲಾ ತರೂಣು."

ಹುಡುಗ ಅವಳನ್ನು ನೋಡಿದ. ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು. ಆಮೇಲೆ ಆರು ತಿಂಗಳಿಂದ ಎಲ್ಲೋ ಮಡಿಚಿಟ್ಟಿದ್ದದ್ದು ಒಮ್ಮೆಗೇ ಬಿಚ್ಚಿಕೊಂಡಿತು.

"ಸುಳ್ಳು ಹೇಳ್ತೀ! ನೀ ಸುಳ್ಳಿ ಅದೀ!" ಚೀಲ ಹಾರಿಹೋಗಿ ನೀರಿನ ಕೊಡಕ್ಕೆ ಬಡಿಯಿತು. ಕೊಡ ಉರುಳಿತು. "ಎರಡು ತಿಂಗಳು ಅಂದಿದ್ದಿ! ಎರಡು ತಿಂಗಳು ಅಂದು ಒಯ್ಲೇ ಇಲ್ಲ! ಈಗ ಐತವಾರ ಅಂದು ಕರಕೊಂಡು ಬಂದೀ!"

"ಐತವಾರ ಅಂತ ನಾ ಅಂದಿಲ್ಲೋ..."

"ಆಯಿ ಬೇಕು! ಆಯಿ ಸ್ಟ್ಯಾಂಡಿನಾಗ ಕುಂತಿರ್ತಾಳ! ಎಲ್ಲಾ ಬಸ್ಸು ನೋಡ್ತಿರ್ತಾಳ!" ಅವನು ನೆಲಕ್ಕೆ ಬಿದ್ದ. ಒದ್ದೆ ನೆಲದ ಮೇಲೆ ಕಾಲು ಬಡಿದ. ಎತ್ತಲು ಹೋದ ಅವಳ ಕೈ ಕಚ್ಚಿದ. ಬಾಗಿಲಿಗೆ ಒದ್ದ ಒದೆತಕ್ಕೆ ಅಂಬರೀನ್ ಖಾಲಾ ಓಡಿ ಬಂದಳು. ಉರುಳಿದ ಕೊಡ, ಹರಿದಾಡುವ ನೀರು, ಅದರ ನಡುವೆ ಕಿರುಚುವ ಹುಡುಗ. ಎಲ್ಲವನ್ನೂ ಒಮ್ಮೆ ಕಣ್ತುಂಬ ನೋಡಿದಳು.

"ಈಗ ಬಂದ ನೋಡು ನಿನ್ನ ಮಗಾ," ಎಂದು ಮೆಲ್ಲಗೆ ಹೇಳಿ, ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದಳು.

ಕಾವೇರಿ ಒದ್ದೆ ನೆಲದ ಮೇಲೆಯೇ ಅವನ ಪಕ್ಕ ಕೂತಳು. ಕೈಯಲ್ಲಿ ಎಂಟು ಹಲ್ಲಿನ ಗುರುತು ಎದ್ದಿತ್ತು. ಅದನ್ನು ಅವಳು ಬೆರಳಿನಿಂದ ಸವರಿಕೊಂಡಳು. ಎಷ್ಟು ದಿನವಾಗಿತ್ತು ಅವನು ಅವಳನ್ನು ಬೈದು, ನೀ ಎಂದು ಕರೆದು. ಇದೇ ಬೇಕಿತ್ತು ಅವಳಿಗೆ. ಆದರೆ ಅವನು ಕಿರುಚುತ್ತಿದ್ದದ್ದು ಬೇರೆಯವಳಿಗಾಗಿ. ಆ ಕಿರುಚಾಟದ ಒಂದೊಂದು ತಿರುವೂ ಅವಳಿಗೆ ಗೊತ್ತಿತ್ತು. ಅದು ಸ್ಟೇಶನ್ ಬಜಾರಿನ ಒಂದೂವರೆ ಕೋಣೆಯಲ್ಲಿ ಆರು ತಿಂಗಳು ಅವಳೊಳಗೇ ಇದ್ದದ್ದು. ಇವನಿಗೆ ಕಾಲು ಬಡಿಯಲು ಬರುತ್ತದೆ, ಅವಳಿಗೆ ಬರುತ್ತಿರಲಿಲ್ಲ, ಅಷ್ಟೇ.

ಬಹಳ ಹೊತ್ತಿನ ಮೇಲೆ ಕಿರುಚಾಟ ಬಿಕ್ಕಳಿಕೆಗೆ ಇಳಿಯಿತು. ಹುಡುಗ ಅವಳ ಸೀರೆಯಿಂದಲೇ ಮೂಗು ಒರೆಸಿಕೊಂಡ.

"ನೀನೂ ಅಳ್ತಿದ್ದೇನು? ಐತವಾರ ಬಸ್ಸಿನಾಗ?"

"ಇಲ್ಲಪ್ಪ."

"ಖರೇ ಹೇಳು."

ಅವಳು ಸುಳ್ಳಿಗೆ ಸುಳ್ಳು ಸೇರಿಸಲು ಹೋಗಲಿಲ್ಲ. "ಅಳ್ತಿದ್ದೆ."

"ಎಲ್ಲಿ ತನಕ?"

"ಮಹಾಗಾಂವ ಕ್ರಾಸ್ ತನಕ. ಅಲ್ಲಿ ಬಾಜೂಕ ಯಾರರ ಬಂದು ಕೂಡ್ತಾರ. ನಾಚಿಗಿ ಬರ್ತದ. ಬಂದ್ ಮಾಡ್ತೀನಿ."

ಹುಡುಗ ಇದನ್ನು ತೂಗಿ ನೋಡಿದ. "ನಾ ಕಮಲಾಪುರ ತನಕ ಅಳ್ತೀನಿ," ಎಂದ. "ಯಾರು ಬಾಜೂಕ ಕುಂತ್ರೂ ಅಳ್ತೀನಿ."

ಅವಳು ನಕ್ಕಳು. ನಗುವಾಗ ಅವನನ್ನು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಹತ್ತಿರವೂ ಬರಲಿಲ್ಲ, ಒದ್ದೆ ಗೋಣಿಚೀಲದಂತೆ ಭಾರವಾಗಿ ಕೂತಿದ್ದ. ಗಂಟೆ ಮೂರೂ ಮುಕ್ಕಾಲಾಗಿತ್ತು.

"ಸಮ್ಯಾ. ಪರೀಕ್ಷಾ ಮುಗಿಯೂತನಕ ಆಯಿ ಹತ್ತಿರ ಇರು. ಶನಿವಾರ ನಾ ಬರ್ತೀನಿ, ಇಲ್ಲಾ ನೀ ಬಾ. ಆಮ್ಯಾಲ ಇಲ್ಲಿಗಿ ಬರ್ತೀಯಾ?"

ಹುಡುಗ ಸೊಂಟದ ಮೇಲೆ ಕೈಯಿಟ್ಟು, ಕೆಳತುಟಿ ಮುಂದೆ ಚಾಚಿ, ಗಿರಾಕಿಯೊಬ್ಬ ದರ ಇಳಿಸಲು ಕೇಳಿದಾಗ ಪುತಳಾಬಾಯಿ ಹೇಳುವ ರೀತಿಯಲ್ಲೇ ಹೇಳಿದ: "ಆಗಿಂದು ಆಗ ನೋಡಮಿ ಬಿಡವಾ."

ಅದಕ್ಕಿಂತ ಹೆಚ್ಚಿಗೆ ಅವನು ಏನೂ ಕೊಡಲಿಲ್ಲ. ಅವಳು ಅವನಿಗೆ ಒಣಗಿದ ಅಂಗಿ ತೊಡಿಸಿದಳು.

ನಾಲ್ಕರ ಬಸ್ಸು ತಡವಾಗಿ ಬಿಟ್ಟಿತು. ಕಿಟಕಿಯ ಪಕ್ಕ ಸಮ್ಯಕ, ಅವನ ಪಕ್ಕ ಕಾವೇರಿ. ಊರು ದಾಟುವವರೆಗೆ ಅವನು ಹಟದಿಂದ, ಜವಾಬ್ದಾರಿಯಿಂದ ಅತ್ತ. ನಡುನಡುವೆ ತಿರುಗಿ ಅವಳ ಕಣ್ಣು ಪರೀಕ್ಷೆ ಮಾಡಿದ. "ನೀ ಶುರೂನೇ ಮಾಡಿಲ್ಲ," ಎಂದು ದೂರಿದ. "ಮಾಡ್ತೀನಿ ತಡಿ," ಎಂದಳು. ತೊಗರಿ ಹೊಲಗಳು ಬಂದವು. ಬಿಸಿಲು ಓರೆಯಾಗಿ ಅವನ ಮೂಗಿನ ಮೇಲೆ ಬಿತ್ತು. ಅಳುವಿನ ನಡುವಿನ ಅಂತರ ಉದ್ದವಾಗುತ್ತ ಹೋಗಿ, ಕೊನೆಗೆ ಅವನ ತಲೆ ಅವಳ ತೋಳಿನ ಮೇಲೆ ಧೊಪ್ಪೆಂದು ಬಿತ್ತು.

ಮಹಾಗಾಂವ ಕ್ರಾಸ್ ಬಂತು. ಒಬ್ಬ ಹೆಂಗಸು ಹತ್ತಿ, ಮೂರು ಜನರ ಸೀಟಿನ ಆ ತುದಿಯಲ್ಲಿ ಕೂತು, ಕಾವೇರಿಯ ಮುಖ ನೋಡಿ, "ಯಾಕವಾ, ಹುಡುಗಗ ಆರಾಮಿಲ್ಲೇನು?" ಎಂದು ಕೇಳಿದಳು.

"ಆರಾಮ ಅದಾನ್ರೀ," ಎಂದಳು ಕಾವೇರಿ. ಕಣ್ಣು ಒರೆಸಿಕೊಳ್ಳಲು ಕೈ ಎತ್ತಬೇಕಿತ್ತು. ಎತ್ತಿದರೆ ಹುಡುಗ ಏಳುತ್ತಿದ್ದ. ಹಾಗೇ ಬಿಟ್ಟಳು. ಕಮಲಾಪುರ ಇನ್ನೂ ದೂರವಿತ್ತು.